ಗುಳ್ಳೆಗಳ ಹದ ಬಲ್ಲ ಇರ್ಮಾ

ಬೆಳಗಿನ ಆರೂವರೆ. ಸುಪೀರಿಯರ್ ಸರೋವರದ ಈ ಪುಟ್ಟ ದೋಣಿಕಟ್ಟೆಯಲ್ಲಿ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿನ ಚಳಿ. ಇರ್ಮಾ ಕೊಸ್ಕೆಲಾ ಮಂಡಿಯೂರಿ, ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ತಳಕ್ಕೆ ಇಳಿಬಿಡುತ್ತಾರೆ. ಸುತ್ತೆಲ್ಲ ಎರಡಡಿ ದಪ್ಪದ ಮಂಜುಗಡ್ಡೆ. ದೋಣಿಗಳ ಬುಡದಲ್ಲಿ ಮಾತ್ರ ಕಪ್ಪು ನೀರು ಗುಳುಗುಳು ಎನ್ನುತ್ತಿದೆ.

ಆ ಗುಳ್ಳೆಗಳೇ ಇರ್ಮಾರ ಕಸುಬು. ತಳದಲ್ಲಿ ಹಾಸಿದ ತೂತಿನ ಕೊಳವೆಗಳಿಗೆ ಕಂಪ್ರೆಸರ್ ಗಾಳಿ ಊದುತ್ತದೆ. ಗುಳ್ಳೆಗಳು ಅಡಿಯ ಬೆಚ್ಚಗಿನ ನೀರನ್ನು ಮೇಲೆ ತರುತ್ತವೆ, ದೋಣಿಯ ಮೈಗೆ ಮಂಜು ಕಚ್ಚುವುದಿಲ್ಲ. ಹದಿನೆಂಟು ದೋಣಿ, ಹನ್ನೊಂದು ಕೊಳವೆ, ದಿನಕ್ಕೆ ಆರು ಸುತ್ತು, ಇಪ್ಪತ್ತಾರು ಚಳಿಗಾಲ. ಊರವರು ಬಿಸಾಡಿದ ಕ್ರಿಸ್ಮಸ್ ಮರಗಳನ್ನು ಎಳೆತಂದು, ಯಾರೂ ನೀರಿಗೆ ಬೀಳದಂತೆ ತೆರೆದ ನೀರಿನ ಅಂಚಿಗೆ ಗುರುತಾಗಿ ನೆಡುವುದೂ ಇವರೇ. ಬೇಸಿಗೆಯಲ್ಲಿ ಬಂದು ದೋಣಿಗಳನ್ನು ಹೊಗಳುವವರಲ್ಲಿ ಒಬ್ಬರಿಗಾದರೂ ಇವರ ಹೆಸರು ಗೊತ್ತಿದ್ದರೆ ಕೇಳಿ!

ಮೀನುಗಾರ ವರ್ನ್ ಹಾಲ್ವರ್ಸನ್ ಕಂಬಳಿ ಹೊದ್ದೇ ತಮ್ಮ ಮರದ ದೋಣಿಯಿಂದ ಇಳಿದು ಬರುತ್ತಾರೆ. ಅವರ ಹೊಟ್ಟೆಪಾಡೆಲ್ಲ ಆ ದೋಣಿಯೇ.

"ಏ ಮಾರಾಯ್ತಿ, ತಲೆ ಕೆಟ್ಟಿದೆಯಾ? ಈ ಚಳೀಲಿ ಅರ್ಧ ಗಾಳಿ ಬಿಟ್ಟಿದ್ದೀಯಲ್ಲ! ಪೂರ್ತಿ ತಿರುಗಿಸು!"

"ತಳದಲ್ಲಿ ಬರೀ ಮುಕ್ಕಾಲು ಡಿಗ್ರಿ ಇದೆ ವರ್ನ್. ಪೂರ್ತಿ ಬಿಟ್ರೆ ಇರೋ ಬಿಸಿನೂ ಸಂಜೆಗೆ ಖಾಲಿ. ಆಮೇಲೆ ಎಲ್ಲಿಂದ ತರ್ತೀಯ? ಬಿಸಿ ಉಳೀಲಿ ಅಂತ ನಿನ್ನ ದೋಣಿ ಕೆಳಗಿನ ಕೊಳವೆನೂ ಒಂದು ಗಂಟೆ ಬಂದ್."

ಇದನ್ನು ಇರ್ಮಾ ಕಲಿತದ್ದು ಕೆಟ್ಟು. ಒಂಬತ್ತು ವರ್ಷದ ಹಿಂದೆ ಇಂಥದೇ ಚಳಿಗೆ ಹೆದರಿ ಮೂರು ದಿನ ಎಲ್ಲ ಕೊಳವೆಗೂ ಪೂರ್ತಿ ಗಾಳಿ ಬಿಟ್ಟರು. ಕಟ್ಟೆಯ ಬಳಿ ನೀರಿನ ಆಳ ಎಂಟೇ ಅಡಿ. ತಳದ ಬಿಸಿಯೆಲ್ಲ ಮೇಲೆ ಬಂದು ಆರಿಹೋಗಿ, ದೋಣಿಗಳ ಸುತ್ತಲ ನೀರೆಲ್ಲ ಹೆಪ್ಪುಗಟ್ಟಿತು. ವರ್ನ್‌ರ ಅಪ್ಪ ಕಟ್ಟಿದ ದೋಣಿ ಒಡೆಯಿತು. "ತಪ್ಪು ನನ್ನದೇ. ಹಲಗೆ ಸೀಳಿದ ಸದ್ದು ಇನ್ನೂ ಕಿವೀಲಿದೆ," ಎನ್ನುತ್ತಾರೆ ಇರ್ಮಾ.

ಕೊಳವೆ ಬಂದ್ ಆಗುತ್ತದೆ. ವರ್ನ್‌ರ ದೋಣಿಯ ಸುತ್ತ ಹಾಲಿನ ಕೆನೆಯಂತೆ ಮಂಜು ಕಟ್ಟತೊಡಗುತ್ತದೆ. ಅವರು ಕಟ್ಟೆಯ ಮೇಲೆ ಶತಪಥ ತುಳಿಯುತ್ತಾರೆ, ಬೈಯುತ್ತಾರೆ, ಮತ್ತೆ ಬಗ್ಗಿ ನೋಡುತ್ತಾರೆ. ಇರ್ಮಾ ಜಗ್ಗುವುದಿಲ್ಲ. ಗಂಟೆ ತುಂಬಿದ ಮೇಲೆ ಗಾಳಿ ಬಿಡುತ್ತಾರೆ. ಕೆನೆ ಚೂರಾಗಿ ಕಪ್ಪು ನೀರು ತೆರೆದುಕೊಳ್ಳುತ್ತದೆ. ತಳ ಮುಕ್ಕಾಲು ಡಿಗ್ರಿಯಲ್ಲೇ ನಿಂತಿದೆ. ಆ ಥರ್ಮಾಮೀಟರನ್ನು ವರ್ನ್ ತಾವೇ ಎರಡು ಸಲ ನೋಡುತ್ತಾರೆ.

"ಆಯ್ತು, ನೀನೇ ನೋಡ್ಕೋ. ಮನೆಗೆ ಹೋಗಿ ಮಲಗ್ತೀನಿ," ಎಂದು ಕಂಬಳಿ ಸುತ್ತಿಕೊಂಡು ಹೊರಡುತ್ತಾರೆ.

ಇರ್ಮಾ ಅವರ ಬೆನ್ನನ್ನೇ ನೋಡುತ್ತ ನಿಲ್ಲುತ್ತಾರೆ.

"ಅವನಪ್ಪನ ದೋಣಿ ಒಡೆದಾಗಿಂದ ಚಳಿಗಾಲ ಪೂರ್ತಿ ದೋಣೀಲೇ ಮಲಗ್ತಿದ್ದ, ನನ್ನ ನಂಬದೆ. ಇವತ್ತು ಮನೆಗೆ ಹೋದ ನೋಡಿ."