ಖಾಲಿ ಮನೆಗೆ ಕೂಗು ಹಾಕುತ್ತಿದ್ದವರು

ಅವರ ಹೆಬ್ಬೆರಳಿನ ಉಗುರು ಯಾವಾಗಲೂ ಕಪ್ಪು. ತುಕ್ಕು ಹಿಡಿದ ಬೀಗ ಒಡೆಯುವಾಗ ಸುತ್ತಿಗೆ ಜಾರಿ ಬಿದ್ದದ್ದು. ಹಳೇ ಉಗುರು ಉದುರಿ ಹೊಸದು ಬರುವಷ್ಟರಲ್ಲಿ ಅದಕ್ಕೂ ಏಟು ಬಿದ್ದಿರುತ್ತಿತ್ತು. ಮಧುಗಿರಿಯ ಸೆಕ್ಯೂರಿಟಿ ಏಜೆನ್ಸಿಯೊಂದರಲ್ಲಿ ಅವರು ಸೂಪರ್‌ವೈಸರ್, ನಾನು ಹೊಸ ಗಾರ್ಡ್. ಮುಚ್ಚಿದ ಮಿಲ್ಲು, ಮಾರಾಟವಾದ ಮನೆ, ಯಾರೂ ಇಲ್ಲದ ಗೋದಾಮು, ಇವನ್ನು ಖಾಲಿ ಮಾಡಿಸಿ, ಬೀಗ ಜಡಿದು ಕಾಯುವುದು ನಮ್ಮ ಕೆಲಸ. ಹೆಂಗಸಿಗೆ ಇದೆಲ್ಲ ಯಾಕೆ ಎಂದು ಊರೆಲ್ಲ ಕೇಳಿತು. ಅವರೊಬ್ಬರು ಕೇಳಲಿಲ್ಲ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

ಅಣ್ಣ ಪಾವಗಡದವರು. ಬೀಗ ಹಾಕುವ ಮುನ್ನ ಪ್ರತಿ ಕೋಣೆಯ ಬಾಗಿಲಲ್ಲೂ ನಿಂತು, "ಯಾರವ್ವಾ ಒಳಗೆ? ಎವರಮ್ಮಾ ಲೋಪಲ?" ಎಂದು ಕನ್ನಡ, ತೆಲುಗು ಎರಡರಲ್ಲೂ ಕೂಗುತ್ತಿದ್ದರು. ಶಿರಾದಲ್ಲಾದರೆ "ಕೌನ್ ಹೈ ಅಂದರ್?" ಕೂಡ ಸೇರುತ್ತಿತ್ತು. ಅಟ್ಟಕ್ಕೆ, ಬಚ್ಚಲಿಗೆ, ಒಮ್ಮೊಮ್ಮೆ ಬೀರುವಿಗೂ ಕೂಗುತ್ತಿದ್ದರು.

"ಬೀರೂಲಿ ಯಾರಿರ್ತಾರಣ್ಣ?" ಎಂದು ನಗುತ್ತಿದ್ದೆ.

"ನಿಂಗೇನ್ ಗೊತ್ತು ಕಣಮ್ಮ, ಸುಮ್ನೆ ಕೂಗು," ಎನ್ನುತ್ತಿದ್ದರು.

ಕೊಡಿಗೇನಹಳ್ಳಿ ಬಳಿ ಮುಚ್ಚಿದ ಎಣ್ಣೆ ಮಿಲ್ಲೊಂದರಲ್ಲಿ ಕೆಲಸಗಾರರ ಆರು ಮನೆಗಳನ್ನು ಖಾಲಿ ಮಾಡಿಸಿದ ದಿನ. ಐದನ್ನು ಅಣ್ಣ ನೋಡಿಕೊಂಡು ಕೊನೆಯದನ್ನು ನನಗೆ ಬಿಟ್ಟರು. ಸಾಮಾನೆಲ್ಲ ಟೆಂಪೋಗೆ ಏರಿತ್ತು. ಟೆಂಪೋದವರು ನೋಡುತ್ತಿದ್ದರು, ಬರಿದಾದ ಮನೆಗೆ ಕೂಗು ಹಾಕಲು ನನಗೆ ನಾಚಿಕೆ. ಬೀಗ ಹಾಕಿ, ಬಟ್ಟೆ ಸುತ್ತಿ, ಅರಗಿನ ಸೀಲು ಒತ್ತಿಬಿಟ್ಟೆ. ಸೀಲು ಬಿದ್ದ ಮೇಲೆ ಮಾಲೀಕರ ಕಾಗದವಿಲ್ಲದೆ ಯಾರೂ ಮುಟ್ಟುವಂತಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಾಗಿಲು ದಬದಬ ಬಡಿದ ಸದ್ದು. "ಬಾಗ್ಲು ತೆಗೀರಪ್ಪೋ! ಉಸುರು ಕಟ್ತೈತೆ!" ಆ ಮನೆಯ ಅಜ್ಜಿ, ಬಚ್ಚಲ ಒಲೆಯಲ್ಲಿ ಹೂತಿದ್ದ ತಾಮ್ರದ ಹಂಡೆ ಕಿತ್ತುಕೊಳ್ಳಲು, ಸಾಮಾನು ಏರಿಸುವ ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಹಿಂದಿರುಗಿದ್ದಳು. ಈ ಕೆಲಸ ಹೋದರೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತವರಿನ ಬಾಗಿಲಿಗೆ ಹೋಗಬೇಕಿತ್ತು.

ಅಣ್ಣ ಯಾರನ್ನೂ ಕೇಳಲಿಲ್ಲ. ಸೀಲಿನ ಸಮೇತ ಬೀಗ ಒಡೆದು ಅಜ್ಜಿಯನ್ನು ಹೊರಗೆ ತಂದು ನೀರು ಕುಡಿಸಿದರು. ಆಫೀಸಿನಿಂದ ಮಿಲ್ಲಿನ ಮ್ಯಾನೇಜರ್ ಓಡಿಬಂದ. "ಒಳಗೆ ನೋಡದೆ ಬೀಗ ಹಾಕಿದ್ದು ಯಾರ್ರೀ? ಸೀಲು ಒಡೆದಿದ್ದು ಯಾರು?"

"ಎರಡೂ ನಾನೇ ಸಾರ್," ಎಂದರು ಅಣ್ಣ.

ನಾನು ಬಾಯಿ ತೆರೆದೆ. ಅವರು ಕಣ್ಣಲ್ಲೇ ಗದರಿದರು. ಆಮೇಲೆ, "ನಿಂದು ಹೊಸ ಕೆಲ್ಸ, ಬುಡು. ನಂಗೆ ಬೈಸ್ಕಂಡು ಅಭ್ಯಾಸ ಐತೆ," ಎಂದರಷ್ಟೇ. ಏಜೆನ್ಸಿಯವರು ಅವರ ಸೂಪರ್‌ವೈಸರ್ ಕೆಲಸ ಕಿತ್ತುಕೊಂಡು ಶಿರಾದ ಗೋದಾಮೊಂದರ ಗೇಟಿಗೆ ಹಾಕಿದರು. ನಾನು ಹೇಡಿ, ಸುಮ್ಮನೇ ಇದ್ದೆ. ಈಗ ಆ ಸೂಪರ್‌ವೈಸರ್ ಕೆಲಸದಲ್ಲಿ ನಾನಿದ್ದೇನೆ.

ಹೋದ ವರ್ಷ ಅಣ್ಣ ತೀರಿಕೊಂಡರು. ತಿಥಿಗೆ ಪಾವಗಡಕ್ಕೆ ಹೋದಾಗ ಅವರ ಹೆಂಡತಿ ಬಂದವರಿಗೆ ಹೇಳುತ್ತಿದ್ದರು: "ಒಳ್ಳೇರೇ. ಆದ್ರೆ ಒಂದ್ಸಲ ಮುದುಕೀನ ಒಳಗಿಟ್ಟು ಬೀಗ ಹಾಕ್ಬುಟ್ರು ನೋಡಿ, ಅದುಕ್ಕೇ ಗೇಟಿಗೆ ಬಿದ್ರು."

ಅಯ್ಯೋ, ಹೆಂಡತಿಗೂ ಹೇಳಿರಲಿಲ್ಲ ಪುಣ್ಯಾತ್ಮ! ನನಗೆ ತಡೆಯಲಾಗಲಿಲ್ಲ. ಎಲ್ಲರೆದುರೇ ಹೇಳಿದೆ: "ಅಣ್ಣ ಅಲ್ಲ ಅತ್ತಿಗೆ. ಬೀಗ ಹಾಕಿದ್ದು ನಾನು."

ಅತ್ತಿಗೆ ನನ್ನ ಹತ್ತಿರ ಬಂದು ಕೂತರು.

"ಆರು ವರ್ಷ ಅದುನ್ನೇ ಹಿಡ್ಕಂಡು ಚುಚ್ಚಿದೀನಿ ಕಣಮ್ಮ," ಎಂದರು. "ಒಂದಿನಾನೂ ತಿರುಗಿ ಮಾತಾಡ್ಲಿಲ್ಲ."