ಗುರುಸ್ವಾಮಿಗೆ ಹೆಣ್ಣು ನೋಡಿದ್ದು

ಗುರುಸ್ವಾಮಿ ಶುದ್ಧ ಸುಳ್ಳುಗಾರ. ತನ್ನೊಬ್ಬನ ಹೊರತು ಅವನಿಗೆ ಇನ್ನಾರ ಚಿಂತೆಯೂ ಇರಲಿಲ್ಲ. ಪಿರಿಯಾಪಟ್ಟಣದ ಕಡೆಯ ಅವನ ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಅವನನ್ನು ಸಾಕಿದ ಅಕ್ಕ ಶಿವನಂಜಮ್ಮನೂ ಅಲ್ಲಗಳೆದವಳಲ್ಲ.

ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಹದವಾದ ಎಲೆಗಳನ್ನು ವಿಂಗಡಿಸುವುದು ಅವನ ಕೆಲಸ. ಉಳಿದವರು ಬಣ್ಣ ನೋಡುತ್ತಿದ್ದರು. ಇವನು ಚೂರು ಮುರಿದು ದವಡೆಗಿಟ್ಟು, ಕಣ್ಣು ಮುಚ್ಚಿ, ಇದು ಇಂಥವರ ಹೊಲದ್ದು ಎನ್ನುತ್ತಿದ್ದ. ಹತ್ತಕ್ಕೆ ಎಂಟು ಸಲ ತಪ್ಪುತ್ತಿತ್ತು. ಆಗ ತಪ್ಪು ಹೊಲದ್ದು.

ಎಪ್ಪತ್ತೊಂದನೇ ಇಸವಿಯಲ್ಲಿ, ಇಪ್ಪತ್ತಾರರ ಪ್ರಾಯದಲ್ಲಿ, ಎಡಗೆನ್ನೆಯೊಳಗೆ ಹುಣ್ಣಾಯಿತು. ಹೊಗೆಸೊಪ್ಪು ಒತ್ತಿಟ್ಟರೆ ಜಾಗ ಮರಗಟ್ಟಿ ಉರಿ ತಿಳಿಯುತ್ತಿರಲಿಲ್ಲ. ಅದೇ ಔಷಧಿಯೆಂದು ತೀರ್ಮಾನಿಸಿ ವರ್ಷವಿಡೀ ಹುಣ್ಣಿನ ಮೇಲೇ ಇಟ್ಟ ಆ ಪಂಡಿತ. ಬಾಯಿ ಎರಡು ಬೆರಳಿಗಿಂತ ಅಗಲ ತೆರೆಯದಾದಾಗ ಅಕ್ಕ ಮೈಸೂರಿಗೆ ಎಳೆದೊಯ್ದಳು. ಕ್ಯಾನ್ಸರು, ಕೆನ್ನೆ ಕೊಯ್ದು ವಿಕಿರಣದ ಕರೆಂಟು ಕೊಡಬೇಕು, ಆದರೂ ಉಳಿಯುವ ಭರವಸೆ ಕಡಿಮೆ ಎಂದರು ಡಾಕ್ಟರು.

ಕೊಯ್ಯಿಸಿಕೊಳ್ಳದೆ ಊರಿಗೆ ಬಂದು ಅವನು ಹೇಳಿದ್ದೇ ಬೇರೆ. "ಡಾಕ್ಟ್ರು ನನ್ ಹಲ್ಲು ನೋಡಿ ಬೆರಗಾಗೋದ್ರು ಕಣ್ಲಾ."

"ಯಾಕ್ಲಾ, ಮೈಸೂರ್ನಲ್ಲಿ ಯಾರ್ಗೂ ಹಲ್ಲಿಲ್ವಾ?" ಎಂದ ಜೊತೆಗಾರ ಚಾಮಯ್ಯ.

"ಇಂಥವು ಇಲ್ಲ, ಬುಡು."

ಶಿವನಂಜಮ್ಮನಿಗೆ ತನ್ನದೇ ಸಂಸಾರ, ನಾಲ್ಕು ಮಕ್ಕಳು. ತಮ್ಮನಿಗೆ ಗಂಜಿ ಕಾಯಿಸಿ ಕುಡಿಸಲು, ಕೀವು ಒರೆಸಲು ಒಂದು ಜೀವ ಬೇಕಿತ್ತು. ಅಂಥ ಚಾಕರಿಗೆ ಲೋಕ ಮದುವೆ ಎಂದು ಹೆಸರಿಟ್ಟಿದೆ. ಸಾಲಿಗ್ರಾಮದ ನೀಲಕಂಠಸ್ವಾಮಿಯವರಿಗೆ ಹತ್ತೊಂಬತ್ತರ ಮಗಳಿದ್ದಳು.

"ಮಾತು ಕಮ್ಮಿ ಆಡು. ಕೇಳುದ್ರೆ ಹಲ್ನೋವು ಅನ್ನು," ಎಂದಳು ಅಕ್ಕ, ಅಲ್ಲಿಗೆ ಹೋಗುವ ಬಸ್ಸಿನಲ್ಲಿ.

"ಸುಳ್ಳೇಳೋದ್ನ ನಂಗೇ ಕಲಿಸ್ತೀಯೇನಕ್ಕ?"

ಹುಡುಗಿ ಬಂದು ನಮಸ್ಕರಿಸಿ ಒಳಹೋದಳು. ಎಲ್ಲರಿಗೂ ಒಪ್ಪಿಗೆಯಾಯಿತು. ನೀಲಕಂಠಸ್ವಾಮಿ ವೀಳ್ಯದ ತಟ್ಟೆ ಚಾಚಿದರು. ಗಂಡು ಅದನ್ನು ಎಲ್ಲರೆದುರು ಅಗಿದರೆ ಮಾತು ಗಟ್ಟಿ, ಆಮೇಲೆ ಹಿಂತೆಗೆಯುವಂತಿಲ್ಲ.

"ತಗೊಳ್ರಪ್ಪ, ಬಾಯಿಗಾಕೊಳಿ."

"ಅವನ್ಗೆ ಹಲ್ನೋವು," ಶಿವನಂಜಮ್ಮ ಬೇಗ ಹೇಳಿದಳು. "ಮುಟ್ಟಿ ಜೇಬಿಗಿಟ್ಕೋತಾನೆ. ಶಾಸ್ತ್ರ ಆಯ್ತದೆ."

"ಆಗಲಿ, ಅದಕ್ಕೇನಂತೆ," ಎಂದರು ಅವರು.

ಗುರುಸ್ವಾಮಿ ವೀಳ್ಯ ಮುಟ್ಟಲಿಲ್ಲ. ಎದ್ದು ನೀಲಕಂಠಸ್ವಾಮಿಯ ಕೈಹಿಡಿದು ಬಾಗಿಲ ಬಳಿ ಕರೆದೊಯ್ದ. ಅಕ್ಕ ಎರಡು ಸಲ ಹೆಸರು ಹಿಡಿದು ಕೂಗಿದಳು.

"ಯಜಮಾನ್ರೆ, ಇಲ್ನೋಡಿ," ಎಂದು ಬೆರಳಿನಿಂದ ತುಟಿಯ ಎಡಕೊನೆಯನ್ನು ಎಳೆದು ಹಿಡಿದ. ಮುದುಕರಿಗೆ ಹುಣ್ಣು ಸರಿಯಾಗಿ ಕಾಣಲೆಂದು ಮುಖವನ್ನು ಬಿಸಿಲಿಗೆ ತಿರುಗಿಸಿದ.