ವಾಯ್ಸ್ ನೋಟಿನ ಕೊನೆಯ ಎರಡು ನಿಮಿಷ

ಒಬ್ಬ ತಾಯಿ ಓದು ಕಲಿಯುವುದನ್ನು ನಡುವೆಯೇ ಬಿಟ್ಟಳು, ಬಿಡಿಸಿದ್ದು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಹೇಳುತ್ತ ಹೇಳುತ್ತ ತಪ್ಪನ್ನೆಲ್ಲ ಸ್ಮಾರ್ಟ್ ಬೋರ್ಡಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವ ಬುದ್ಧಿ ನನ್ನದು.

ಆಗ ನಾನಿನ್ನೂ ಟೀಚರ್ ಆಗಿರಲಿಲ್ಲ. ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ ಬಿ.ಎಡ್. ಎರಡನೆಯ ವರ್ಷದಲ್ಲಿದ್ದೆ. ಮನೆ ಡೊಂಬಿವಲಿಯಲ್ಲಿ. ಅಪ್ಪ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ. ಕನ್ನಡ ಶಾಲೆಯಲ್ಲಿ ಕಲಿತದ್ದು, ಹಾಗಾಗಿ ನನ್ನ ಕನ್ನಡ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಇತ್ತು. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇತ್ತು.

ಪಾಠ ಮಾಡುವ ಅಭ್ಯಾಸಕ್ಕೆಂದು ನನ್ನನ್ನು ಠಾಣೆಯ ಒಂದು ಕನ್ನಡ ಶಾಲೆಗೆ ಹಾಕಿದ್ದರು. ನಮ್ಮ ಬ್ಯಾಚಿನಲ್ಲಿ ಕನ್ನಡ ಕಲಿಸುವವಳು ನಾನೊಬ್ಬಳೇ. ನನ್ನ ಪಾಠ ನೋಡಿ ಅಂಕ ಹಾಕಬೇಕಾದ ಮೇಡಂ ಮರಾಠಿಯವರು, ಅವರಿಗೆ ಕನ್ನಡದ ಒಂದು ಅಕ್ಷರವೂ ಬಾರದು. ಅವರು ಬಂದು ಹಿಂದಿನ ಬೆಂಚಿನಲ್ಲಿ ಕೂತು, ನನ್ನ ಕೈ ನೋಡಿ, ಬೋರ್ಡು ನೋಡಿ, ಮಕ್ಕಳ ಮುಖ ನೋಡಿ ಅಂಕ ಹಾಕುತ್ತಿದ್ದರು. ಭಾಷೆ ತಿಳಿಯದಿದ್ದರೂ ಒಳ್ಳೆಯ ಪಾಠ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ನಿಜ ಹೇಳಬೇಕೆಂದರೆ ನನಗೂ ಅದು ಅನುಕೂಲವಾಗಿಯೇ ಇತ್ತು.

ಆ ವರ್ಷ ಎಲ್ಲರ ನಿದ್ದೆ ಕೆಡಿಸಿದ್ದು ತಂತ್ರಜ್ಞಾನದ ಪಾಠ. ಕೊನೆಯ ಪಾಠಗಳಲ್ಲಿ ಒಂದನ್ನಾದರೂ ಪೂರ್ತಿ ತಂತ್ರಜ್ಞಾನ ಬಳಸಿಯೇ ಮಾಡಬೇಕು. ಮೇಡಂ ಕೈಯಲ್ಲಿ ಅದಕ್ಕೆಂದೇ ಒಂದು ಹಾಳೆ. ಉಪಕರಣವನ್ನು ತಡೆಯಿಲ್ಲದೆ ಬಳಸಿದಳೇ, ಮಕ್ಕಳು ಉತ್ಸಾಹದಿಂದ ಪಾಲ್ಗೊಂಡರೇ ಎಂದು ಅದರಲ್ಲಿ ಸಾಲುಸಾಲು ಪ್ರಶ್ನೆಗಳು. ಗೆಳತಿಯರು ಗಾಬರಿಯಾಗಿದ್ದರೆ ನಾನು ಒಳಗೊಳಗೇ ಕುಣಿಯುತ್ತಿದ್ದೆ. ಸ್ಲೈಡು ಮಾಡುವುದು, ವಿಡಿಯೋ ಕತ್ತರಿಸುವುದು, ಹಾಡು ಸೇರಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಮಕ್ಕಳಿಗೆ ಕಲಿಸುವುದು ಅಷ್ಟು ಸುಲಭವಲ್ಲ ಎಂಬುದನ್ನು ಈ ಜಾಣತನದ ಹಿಂದೆ ಬಚ್ಚಿಟ್ಟುಕೊಂಡಿದ್ದೆ.

ಶಾಲೆಯಲ್ಲಿ ಸ್ಮಾರ್ಟ್ ಬೋರ್ಡು ಇತ್ತು. ಯಾರೋ ದಾನವಾಗಿ ಕೊಟ್ಟದ್ದು. ಹಳೆಯ ಬೆಡ್‌ಶೀಟು ಹೊದ್ದುಕೊಂಡು, ಮೂಲೆಯಲ್ಲಿ ಆಯುಧಪೂಜೆಯ ಕುಂಕುಮ ಇಟ್ಟುಕೊಂಡು ಕುಳಿತಿತ್ತು. ರಿಮೋಟು ಹೆಡ್ ಮೇಡಂ ಅವರ ಕಪಾಟಿನಲ್ಲಿ. ಅವರು ಉಡುಪಿ ಕಡೆಯವರು. ಕೇಳಲು ಹೋದರೆ, “ಹಾಳಾದ್ರೆ ಮತ್ತೊಂದು ಯಾರು ಕೊಡ್ತಾರೆ ಮಾರಾಯ್ತಿ? ಮುಟ್ಟುವಾಗ ಸ್ವಲ್ಪ ಜಾಗ್ರತೆ ಆಯ್ತಾ,” ಎಂದು ಹಸುಗೂಸನ್ನು ಕೈಗೆ ಕೊಟ್ಟ ಹಾಗೆ ರಿಮೋಟು ಕೊಟ್ಟರು.

ನನಗೆ ಸಿಕ್ಕಿದ್ದು ಏಳನೆಯ ತರಗತಿ, ಹತ್ತೊಂಬತ್ತು ಮಕ್ಕಳು. ಹೆಚ್ಚಿನವರು ಕಲಬುರಗಿ, ರಾಯಚೂರು, ವಿಜಯಪುರದಿಂದ ಕೆಲಸಕ್ಕೆ ಬಂದವರ ಮಕ್ಕಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಓದಲು ಎಬ್ಬಿಸಿದರೆ ಅಕ್ಷರ ಕೂಡಿಸಿ ಕೂಡಿಸಿ ಪಾಠ ಮುಗಿಯುವ ಗಂಟೆ ಹೊಡೆಸುತ್ತಿದ್ದರು. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ದಿನಾ ಸಂಜೆ ಪಾಠದ ಒಂದು ಭಾಗವನ್ನು ಗಟ್ಟಿಯಾಗಿ ಓದಿ, ಮನೆಯ ಫೋನಿನಿಂದ ನನಗೆ ವಾಯ್ಸ್ ನೋಟ್ ಕಳಿಸಬೇಕು. ನನ್ನೊಬ್ಬಳಿಗೇ, ಪಾಲಕರ ವಾಟ್ಸಾಪ್ ಗ್ರೂಪಿಗಲ್ಲ. “ಬೇರೆ ಯಾರೂ ಕೇಳೋದಿಲ್ಲ, ತಪ್ಪಾದ್ರೂ ಪರವಾಗಿಲ್ಲ,” ಎಂದು ಮಾತು ಕೊಟ್ಟಿದ್ದೆ. ಆ ಗ್ರೂಪಿನಲ್ಲೂ ಇದನ್ನು ಬರೆದು ಹಾಕಿದೆ. ದಿನಕ್ಕೊಂದು ಸೂಚನೆ ಬರೆಯುತ್ತಿದ್ದೆ, ಅಚ್ಚುಕಟ್ಟಾದ ಕನ್ನಡದಲ್ಲಿ, ‘ಮಾನ್ಯ ಪಾಲಕರ ಅವಗಾಹನೆಗೆ’ ಎಂದು ಶುರುಮಾಡಿ. ಓದುವವರು ಎಷ್ಟು ಜನ ಎಂದು ಒಂದು ದಿನವೂ ಯೋಚಿಸಲಿಲ್ಲ.

ಮೊದಲ ವಾರ ನಾಲ್ಕು ಮಕ್ಕಳು ಕಳಿಸಿದರು, ಆಮೇಲೆ ಹನ್ನೊಂದು. ಒಬ್ಬ ಹುಡುಗಿ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಠಾಣೆಯ ಪಕ್ಕದ ಸ್ಟೇಷನ್ನು ಕಳವಾ, ಅಲ್ಲಿಂದ ಬರುತ್ತಿದ್ದಳು. ಅಪ್ಪ ಕಟ್ಟಡದ ಕೆಲಸಕ್ಕೆ, ಅವ್ವ ಫ್ಲ್ಯಾಟುಗಳ ಸೊಸೈಟಿಯೊಂದರಲ್ಲಿ ಮೆಟ್ಟಿಲು ಗುಡಿಸುವ ಕೆಲಸಕ್ಕೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಫೋನಿನಲ್ಲಿ ನಿಲ್ಲಿಸಿ ನಿಲ್ಲಿಸಿ, ಅರ್ಥ ಬಿಟ್ಟುಹೋಗದ ಹಾಗೆ ಓದುತ್ತಿದ್ದಳು. ಯಾರಿಗೋ ಓದಿ ಹೇಳುತ್ತಿರುವ ಹಾಗೆ ಕೇಳಿಸುತ್ತಿತ್ತು. ನಾನು ಅದನ್ನು ನನ್ನ ತರಬೇತಿಯ ಫಲ ಎಂದುಕೊಂಡೆ.

ತಂತ್ರಜ್ಞಾನದ ಪಾಠಕ್ಕೆ ಜೇನುಗೂಡಿನ ಗದ್ಯವನ್ನು ಆರಿಸಿಕೊಂಡೆ. ಕನ್ನಡ ಪಾಠದಲ್ಲಿ ಮೊದಲು ಟೀಚರ್ ತಾನೇ ಓದಿ ತೋರಿಸಬೇಕು. ಆದರ್ಶ ವಾಚನ ಅಂತಾರೆ. ನಾನು ಓದುವ ಬದಲು ಆ ಹುಡುಗಿಯ ವಾಯ್ಸ್ ನೋಟನ್ನೇ ಸ್ಪೀಕರಿನಲ್ಲಿ ಹಾಕಿದರೆ? ತಂತ್ರಜ್ಞಾನವೂ ಆಯಿತು, ಮಗುವಿಗೆ ಪ್ರೋತ್ಸಾಹವೂ ಆಯಿತು. ಮೇಡಂ ಮೆಚ್ಚಿ ಕಾಲೇಜಿನಲ್ಲೆಲ್ಲ ಹೇಳಿಕೊಂಡು ಬರುವುದು ಕಣ್ಣಿಗೆ ಕಟ್ಟಿತು. ಕೊಟ್ಟ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ಒಳ್ಳೆಯ ಓದನ್ನು ನಾಲ್ಕು ಜನ ಕೇಳಿದರೆ ತಪ್ಪೇನು ಎಂದುಕೊಂಡೆ. ಹುಡುಗಿಯನ್ನು ಒಂದು ಮಾತು ಕೇಳಲಿಲ್ಲ.

ಪಾಠದ ದಿನ ಬೆಳಿಗ್ಗೆ ಲೋಕಲ್‌ನಲ್ಲಿ ಆ ವಾಯ್ಸ್ ನೋಟು ಕೇಳಿದೆ. ಡೊಂಬಿವಲಿಯಿಂದ ಲೇಡೀಸ್ ಡಬ್ಬಿಯಲ್ಲಿ ಒಂದು ಕಾಲ ಮೇಲೆ ನಿಂತು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು. ಒಟ್ಟು ಮೂರು ನಿಮಿಷಕ್ಕಿಂತ ಜಾಸ್ತಿ ಇತ್ತು. ಅವಳ ಓದು ಒಂದೂಕಾಲು ನಿಮಿಷಕ್ಕೆ ಮುಗಿಯಿತು. ಅಷ್ಟರಲ್ಲಿ ಠಾಣೆ ಬಂತು, ಹಿಂದಿನವರು ನೂಕಿ ನನ್ನನ್ನು ಇಳಿಸಿಯೇ ಬಿಟ್ಟರು. ಉಳಿದದ್ದು ಹುಡುಗಿ ಬಟನ್ ಬಿಡಲು ಮರೆತದ್ದಿರಬೇಕು ಎಂದುಕೊಂಡೆ.

ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ನಾನು ಫೋನನ್ನು ಸ್ಪೀಕರಿಗೆ ಜೋಡಿಸಿ, “ನಿಮ್ಮಲ್ಲೇ ಒಬ್ಬರು ಎಷ್ಟು ಚೆನ್ನಾಗಿ ಓದಿದ್ದಾರೆ ಕೇಳಿ,” ಎಂದು ಶುರುಮಾಡಿದೆ. ದನಿ ಕೇಳುತ್ತಲೇ ಎಲ್ಲರೂ ಆ ಹುಡುಗಿಯ ಕಡೆ ತಿರುಗಿದರು. ಅವಳು ಬೆಚ್ಚಿದಳು, ಆಮೇಲೆ ತಲೆ ತಗ್ಗಿಸಿ ಸ್ವಲ್ಪ ನಕ್ಕಳು. ಆ ಒಂದು ನಿಮಿಷ ಅವಳಿಗೂ ಖುಷಿಯಾಗಿತ್ತು, ಅದನ್ನು ನಾನು ನೋಡಿದ್ದೇನೆ.

ಅವಳು ಓದುತ್ತಿದ್ದಂತೆ ಬೋರ್ಡಿನ ಮೇಲೆ ಜೇನುಗೂಡಿನ ಚಿತ್ರ ಬರಬೇಕಿತ್ತು. ಬರಲಿಲ್ಲ. ನಾನು ಬೆನ್ನು ತಿರುಗಿಸಿ ಅಲ್ಲಿ ಒತ್ತಿ, ಇಲ್ಲಿ ಒತ್ತಿ ಬೆವರುತ್ತಿದ್ದೆ. ಹಿಂದೆ ಕಿಸಕ್ಕೆಂದು ಯಾರೋ ನಕ್ಕರು. ನನ್ನ ಪರದಾಟಕ್ಕೇ ನಗುತ್ತಿದ್ದಾರೆ ಎಂದುಕೊಂಡೆ. ನಗು ಜೋರಾದಾಗ ಸ್ಪೀಕರಿನಲ್ಲಿ ಬರುತ್ತಿದ್ದ ದನಿ ಬೇರೆಯದು ಎಂದು ಗೊತ್ತಾಯಿತು. ದೊಡ್ಡ ಹೆಂಗಸಿನ ದನಿ, ಎಳೆಯ ಮಗುವಿನ ಓದು.

“ಜೇ... ನು... ನೊ... ಣ... ಜೇನುನೊಣ. ಗೂ... ಡು... ಕ... ಟ...”

“ಕಟ್ಟು ಅವ್ವಾ, ಕೆಳಗ ಒತ್ತು ಐತಿ ನೋಡು,” ಎಂದು ಹುಡುಗಿಯ ದನಿ.

“ಕಟ್ಟು... ಕಟ್ಟುತ್ತವ. ಬಂತಲ್ಲs! ನಿಮ್ಮ ಟೀಚರ್‌ಗ ಹೇಳಬ್ಯಾಡ ಮತ್ತ, ನಗ್ತಾರ.”

ಅಷ್ಟು ಹೊತ್ತಿಗೆ ಇಡೀ ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಫೋನು ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲೇ, ಮೇಜಿನ ಮೇಲೆ ಇತ್ತು. ಈಗ ನಾನು ಹೇಳುವುದನ್ನು ಯಾರಿಗೂ ಹೇಳಿಲ್ಲ. ನಾನು ತಕ್ಷಣ ಅದನ್ನು ನಿಲ್ಲಿಸಲಿಲ್ಲ. ನಾನು ಮೊದಲು ನೋಡಿದ್ದು ಮೇಡಂ ಮುಖವನ್ನು. ಅವರು ಮಕ್ಕಳ ನಗು ನೋಡಿ ತಾವೂ ನಗುತ್ತ ಹಾಳೆಯಲ್ಲಿ ಏನೋ ಬರೆಯುತ್ತಿದ್ದರು. ನಡುವೆಯೇ ನಿಲ್ಲಿಸಿದರೆ ಏನೋ ಎಡವಟ್ಟಾಗಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಹಾಗಾಗಿ ನಾನೂ ಒಂದು ನಗು ತಂದುಕೊಂಡು, ಎಲ್ಲ ನಾನೇ ಯೋಜಿಸಿದ್ದು ಎಂಬಂತೆ ನಿಂತೆ. ಆ ತಾಯಿ ಇನ್ನೂ ಎರಡು ಸಾಲು ಓದಿದಳು. ಆಮೇಲೆ ನಿಧಾನವಾಗಿ, ನಾಜೂಕಾಗಿ ದನಿ ತಗ್ಗಿಸಿ ನಿಲ್ಲಿಸಿದೆ.

ಹುಡುಗಿ ಅಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಪಾಠ ಮುಗಿಯುವವರೆಗೂ ನಾನು ಆ ಕಡೆಯ ಬೆಂಚಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೇಡಂ ಹೋಗುವಾಗ ಬೆನ್ನು ತಟ್ಟಿದರು. “ಮುಲಾಂನೀ ಕಿತೀ ಎಂಜಾಯ್ ಕೇಲಂ! ಛಾನ್!” ಎಂದರು. ಮಕ್ಕಳು ಎಷ್ಟು ಖುಷಿಪಟ್ಟರು, ಬಹಳ ಚೆನ್ನಾಗಿತ್ತು ಅಂತ. ಮಕ್ಕಳು ಪಾಲ್ಗೊಂಡ ಬಗೆಗೆ ಪೂರ್ತಿ ಅಂಕ ಹಾಕಿದ್ದರು. ಮಕ್ಕಳು ಯಾಕೆ ನಕ್ಕರು ಎಂದು ಹೇಳಲು ನನಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. “ಥ್ಯಾಂಕ್ಯೂ ಮೇಡಂ,” ಎಂದೆ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬಳು ಆ ಹುಡುಗಿಯನ್ನು, “ತೇರೀ ಮಮ್ಮಿ ಕೌನ್ಸೀ ಮೇ ಹೈ? ಬಾಲವಾಡಿ ಮೇ?” ಎಂದು ಕೇಳುವುದು ಕಿವಿಗೆ ಬಿತ್ತು. ನಿನ್ನ ಮಮ್ಮಿ ಎಷ್ಟನೆಯ ಕ್ಲಾಸು, ಶಿಶುವಿಹಾರವೇ ಅಂತ. ಗದರಿಸಿದೆ. ಗದರಿಸಿದ್ದರಿಂದ ಅದು ಇನ್ನಷ್ಟು ರುಚಿಯಾಯಿತು ಅಷ್ಟೆ. ಪಾಠದ ದಿನ ಸಂಜೆಯಿಂದಲೇ ಅವಳ ವಾಯ್ಸ್ ನೋಟು ನಿಂತಿತ್ತು. ಒಂದು ವಾರ ಕಾದು ಅವಳನ್ನು ಕರೆದು ಕೇಳಿದೆ.

“ಮಮ್ಮಿ ನೇ ಪಢನಾ ಬಂದ್ ಕರ್ ದಿಯಾ,” ಎಂದಳು. ಮಮ್ಮಿ ಓದುವುದನ್ನು ನಿಲ್ಲಿಸಿಬಿಟ್ಟಳು ಅಂತ. ನಾನು ಕೇಳಿದ್ದು ಅವಳ ಓದಿನ ಬಗ್ಗೆ. ಅವಳು ಹೇಳಿದ್ದು ಅವ್ವನ ಓದಿನ ಬಗ್ಗೆ. ಅವಳ ಮಟ್ಟಿಗೆ ಎರಡೂ ಒಂದೇ ಆಗಿತ್ತು ಎಂದು ಆಗ ತಿಳಿಯಿತು.

ಭಾನುವಾರ ಮಧ್ಯಾಹ್ನ ಕಳವಾಕ್ಕೆ ಹೋದೆ. ಬಾಗಿಲಲ್ಲೇ ಹುಡುಗಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಫೋನು ನೋಡಿ, “ಪೆಹಲೇ ಯೇ ಬ್ಯಾಗ್ ಮೇ ರಖೋ ಟೀಚರ್,” ಎಂದಳು. ನಾನು ಫೋನು ಆಫ್ ಮಾಡಿ ಬ್ಯಾಗಿಗೆ ಹಾಕಿದೆ. ಹಾಕಿದ್ದನ್ನು ಖಾತ್ರಿ ಮಾಡಿಕೊಂಡ ಮೇಲೆಯೇ ಅವಳು ಪಕ್ಕಕ್ಕೆ ಸರಿದದ್ದು.

ಒಂದೇ ಕೋಣೆ. ಅವ್ವ ನನಗಿಂತ ಆರೇಳು ವರ್ಷ ದೊಡ್ಡವಳಿರಬಹುದು, ಅಷ್ಟೆ. ನಾನು ಯಾರೋ ಮುದುಕಿಯನ್ನು ಕಲ್ಪಿಸಿಕೊಂಡು ಹೋಗಿದ್ದೆ. “ಬರ್ರಿ ಟೀಚರ್, ಕುಂದರ್ರಿ,” ಎಂದು ಸೆರಗಿನಿಂದ ಸ್ಟೂಲು ಒರೆಸಿದಳು. ನಾನು ಕೂರದೆ, ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಕ್ಷಮೆಯ ಮಾತುಗಳನ್ನು ಒಂದೇ ಉಸಿರಿಗೆ ಹೇಳಿದೆ. ನನ್ನ ಇಸ್ತ್ರಿ ಮಾಡಿದ ಕನ್ನಡ ಆ ಕೋಣೆಯಲ್ಲಿ ನನಗೇ ಅಸಹ್ಯವಾಗಿ ಕೇಳಿಸಿತು.

“ಇರ್ಲಿ ಬಿಡ್ರಿ. ಸಣ್ಣ ಹುಡುಗ್ರು, ನಗ್ತಾವ,” ಎಂದಳು. “ನಳದ ಮುಂದ ಹೆಣ್ಮಕ್ಳೂ ಆಡ್ಕೊಂಡ್ರು. ಅದಕ್ಕ ಸಾಕು ಅನಿಸ್ತು.”

“ಯಾಕೆ ಕಲೀಬೇಕು ಅನ್ನಿಸಿತ್ತು?” ಎಂದು ಕೇಳಿದೆ.

“ನೀವು ಗ್ರೂಪಿನ್ಯಾಗ ದಿನಾ ಬರದು ಹಾಕ್ತಿದ್ರಲ್ಲ, ಅದು ಓದಾಕ. ಬಾಜೂ ಮನಿಯಾಕಿ ಕಡೆ ಓದಸ್ತಿದ್ದೆ. ಆಕಿ ಅರ್ಧ ಹೇಳಿ ಅರ್ಧ ಬಿಡಾಕಿ. ನನ್ನ ಮಗಳ ಸಾಲಿ ಸುದ್ದಿ, ನಾನs ಓದಿದ್ರ ಚಲೋ ಅಲ್ಲೇನ್ರಿ?”

ನಾನು ಒಂದಾದ ಮೇಲೊಂದು ಮಾತು ಕೊಡತೊಡಗಿದೆ. ತರಗತಿಯಲ್ಲಿ ಎಲ್ಲರ ಮುಂದೆ ನನ್ನದೇ ತಪ್ಪು ಎಂದು ಹೇಳುತ್ತೇನೆ ಎಂದೆ. “ಮತ್ತ ಅದs ಮಾತು ಎಲ್ಲರ ಮುಂದ ಬ್ಯಾಡ್ರಿ,” ಎಂದಳು. ಪ್ರತಿ ಭಾನುವಾರ ನಾನೇ ಬಂದು ಕಲಿಸುತ್ತೇನೆ ಎಂದೆ. ಅವಳು ಮಗಳ ಮುಖ ನೋಡಿದಳು. ಮಗಳು ಗೋಡೆ ನೋಡುತ್ತಿದ್ದಳು. “ಬ್ಯಾಡ್ರಿ. ಆಕಿ ಕಲಸ್ತಿದ್ಲು ಅಂತ ಕಲೀತಿದ್ದೆ,” ಎಂದು ಸ್ಟೌ ಹಚ್ಚಿ ಚಹಾಕ್ಕೆ ಇಟ್ಟಳು.

ಚಹಾ ಕುಡಿದೆ. ಏಳುವ ಹೊತ್ತಿಗೆ ಅವಳು ಏನೋ ನೆನಪಾದವಳ ಹಾಗೆ, “ಹಂಗs ಟೀಚರ್, ನೀವೂ ಇನ್ನಾ ಕಲಿಯಾಕತ್ತೀರಂತ, ಮಗಳು ಹೇಳಿದ್ಲು. ಅವತ್ತು ನಿಮ್ಮ ಪರೀಕ್ಷಾ ಇತ್ತಂತ. ಪಾಸಾದ್ರೇನ್ರಿ?” ಎಂದು ಕೇಳಿದಳು.

ಅವಳ ಮುಖದಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ. “ಪಾಸಾದೆ,” ಎಂದೆ.

“ಚಲೋ ಆತು ನೋಡ್ರಿ,” ಎಂದು ಅವಳು ನಿಜವಾಗಿಯೂ ಸಂತೋಷಪಟ್ಟಳು. “ಇಬ್ಬರೂ ಫೇಲಾಗಿದ್ರ ಭಾಳ ಕೆಟ್ಟ ಅನಸ್ತಿತ್ತು.”